ಮೊಟ್ಟೆಯ ಲೋಳೆಯೊಳಗೆ ಬೆಳಗಿದ ಕೇಸರಿ

ಕಳೆದ ವಾರ ನಮ್ಮ ಪ್ರಯೋಗಾಲಯದ ಫ್ರಿಜ್ ತೆರೆದರೆ ಹಸಿ ಬಂಗುಡೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಯಾರೋ ವಿದ್ಯಾರ್ಥಿನಿ ಮೀನಿನ ತುಂಡುಗಳನ್ನು ತಂದಿಟ್ಟಿದ್ದಳು. ಉಳಿದವರೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮೂಡುಬಿದಿರೆಯ ಒಂದು ಲ್ಯಾಬು, ಅಲ್ಲಿ ತೋಳು ಮಡಚಿ ನಿಂತ ನಮ್ಮ ಸರ್ ನೆನಪಾದರು...

ಅದು ಎಂಬತ್ತರ ದಶಕದ ಆರಂಭ. ಡಿಗ್ರಿಯಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ್ದ ಸರ್, ನನ್ನ ಎಂ.ಎಸ್ಸಿ. ಪ್ರಬಂಧದ ಕೆಲಸಕ್ಕೆಂದು ರಜೆಯಲ್ಲಿ ಕಾಲೇಜಿನ ಲ್ಯಾಬು ತೆರೆಸಿಕೊಟ್ಟಿದ್ದರು. ನಾನು ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಪ್ರಬಂಧ ಗೆದ್ದರೆ ಸಂಶೋಧನೆಗೆ ಸೀಟು, ಸೋತರೆ ಅಪ್ಪ ನೋಡಿಟ್ಟ ಗಂಡು. ಆ ಗಂಡಿನ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ಅವನಿಗಿಂತ ಡಿಎನ್‌ಎ ಹೆಚ್ಚು ಇಷ್ಟವಾಗಿತ್ತು, ಅಷ್ಟೆ.

ಎಥಿಡಿಯಂ ಎಂಬ ಬಣ್ಣವೊಂದಿದೆ. ಡಿಎನ್‌ಎಯ ಏಣಿಯ ಮೆಟ್ಟಿಲುಗಳ ನಡುವೆ ಅದು ಸೇರಿಕೊಂಡರೆ ಅಲ್ಟ್ರಾವಯೊಲೆಟ್ ದೀಪದಡಿ ಕೇಸರಿಯಾಗಿ ಬೆಳಗುತ್ತದೆ. ತಿಳಿನೀರಿನಲ್ಲಿ ಇದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಜೀವಕೋಶದೊಳಗೆ ತಿಳಿನೀರು ಎಲ್ಲಿಂದ ಬರಬೇಕು? ಅಲ್ಲಿ ಪ್ರೋಟೀನುಗಳ ನೂಕುನುಗ್ಗಲು. ಆ ಗಿಜಿಗಿಜಿಯಲ್ಲೂ ಬಣ್ಣ ಡಿಎನ್‌ಎಯನ್ನು ಹುಡುಕಿ ಹಿಡಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಗಿಜಿಗಿಜಿಗೆ ನಾವು ಆರಿಸಿಕೊಂಡದ್ದು ಕೋಳಿಮೊಟ್ಟೆಯ ಬಿಳಿ ಲೋಳೆ.

ಸರ್ ಬಂಟ್ವಾಳದವರು, ಮೀನು ಮೊಟ್ಟೆ ಮುಟ್ಟದ ಮನೆಯವರು. ಆದರೂ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಮೀನು ಮಾರ್ಕೆಟ್ಟಿಗೆ ಹೋಗಿ, ಗಂಡು ಬಂಗುಡೆಯ ಹೊಟ್ಟೆಯೊಳಗಿನ ವೀರ್ಯದ ಬಿಳಿ ಗಡ್ಡೆಯನ್ನು ಕೇಳಿ ತರುತ್ತಿದ್ದರು. ಡಿಎನ್‌ಎ ಅದರಲ್ಲಿ ಧಾರಾಳ. ಅವರು ಮೀನು ತಿನ್ನಲು ಶುರುಮಾಡಿದ್ದಾರೆಂದು ಪೇಟೆಯಿಡೀ ಸುದ್ದಿಯಾಯಿತು. ನಾನು ಹೇಳಿದರೆ ನಕ್ಕುಬಿಟ್ಟರು.

“ಹೇಳ್ಲಿ ಬಿಡು ಮಾರಾಯ್ತಿ. ಮೊಟ್ಟೆಯ ವಿಷಯ ಅವರಿಗೆ ಇನ್ನೂ ಗೊತ್ತಾಗ್ಲಿಲ್ಲ.”

ಮೂರು ಗಾಜಿನ ತಟ್ಟೆಗಳು. ಒಂದರಲ್ಲಿ ನೀರು ಮತ್ತು ಡಿಎನ್‌ಎ, ಇನ್ನೊಂದರಲ್ಲಿ ಲೋಳೆ ಮತ್ತು ಡಿಎನ್‌ಎ, ಮತ್ತೊಂದರಲ್ಲಿ ಬರೀ ಲೋಳೆ. ಕಲಕದೆ, ಮೇಲಿನಿಂದ ಮೆಲ್ಲಗೆ ಬಣ್ಣ ಬಿಡುತ್ತಿದ್ದೆವು. ನೀರಿನ ತಟ್ಟೆ ಬೆಳಗುತ್ತಿತ್ತು. ಲೋಳೆಯದ್ದು ಮಂಕು. ಎಷ್ಟು ಸಲ ಮಾಡಿದರೂ ಅದೇ ಹಾಡು. ಪರೀಕ್ಷಕರ ಎದುರು ನಿಲ್ಲುವ ದಿನ ಹತ್ತಿರ ಬಂದಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಟ್ಟೆಗಳನ್ನು ಚೆಲ್ಲಿಬಿಡುತ್ತೇನೆಂದು ಎದ್ದೆ.

“ಮತ್ತೆ ಚೆಲ್ಲುವ. ಈಗ ಊಟಕ್ಕೆ ಹೋಗುವ,” ಎಂದರು ಸರ್. ಅವರ ಸಹೋದ್ಯೋಗಿಯೊಬ್ಬರ ಮಗಳ ಮದುವೆ ಅಂದು. “ನಾವು ಹೋಗದಿದ್ರೆ ಅವರಿಗೆ ಬೇಸರ ಆಗ್ತದೆ.”

ನನ್ನ ಜೀವನವೇ ಮುಳುಗುತ್ತಿರುವಾಗ ಈ ಮನುಷ್ಯನಿಗೆ ಪಾಯಸದ ಚಿಂತೆ ಎಂದುಕೊಳ್ಳುತ್ತಲೇ ಹೋದೆ. ಮದುವೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಣ್ಣುತ್ತಿದ್ದವರ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ಕಾದು ನಿಂತಿದ್ದರು. ಅವರ ಹಿಂದೆ ನಾವು. ಒಂದು ಪಂಕ್ತಿ ತಪ್ಪಿತು, ಇನ್ನೊಂದೂ ತಪ್ಪಿತು. ಕೊನೆಗೆ ಎಲೆಯ ಮುಂದೆ ಕೂತ ಸರ್, ಎರಡನೇ ಸಲ ಪಾಯಸ ಬರುವ ತನಕ ಅಲುಗಾಡಲಿಲ್ಲ.

ಲ್ಯಾಬಿಗೆ ಮರಳಿ, ಚೆಲ್ಲುವ ಮುಂಚೆ ಒಮ್ಮೆ ನೋಡೋಣವೆಂದು ದೀಪ ಹಾಕಿದೆ. ಲೋಳೆಯೊಳಗೆ ಕೇಸರಿ! ಡಿಎನ್‌ಎ ಇಲ್ಲದ ಬರೀ ಲೋಳೆ ಮಂಕಾಗಿಯೇ ಇತ್ತು. ಇಷ್ಟು ದಿನ ನಾವು ಅವಸರಪಟ್ಟು ಬೇಗನೆ ದೀಪ ಆರಿಸಿ ತಟ್ಟೆ ತೊಳೆಯುತ್ತಿದ್ದೆವು ಎಂಬುದು ಆಗ ಹೊಳೆಯಿತು. ನಾನು ಕುಣಿದಾಡಿದೆ. ಸರ್ ಬಗ್ಗಿ ಬಹಳ ಹೊತ್ತು ನೋಡಿದರು.

“ನಮ್ಮ ಹಾಗೆಯೇ ಅಲ್ವಾ? ಜನ ಹೆಚ್ಚಿದ್ರೆ ಎಲೆ ಸಿಗ್ಲಿಕ್ಕೆ ತಡ ಉಂಟು. ಸಿಕ್ಕಿದವ ಬೇಗ ಏಳುವುದೂ ಇಲ್ಲ.”

ಪರೀಕ್ಷಕರು ಅಲ್ಲಿಗೇ ಕೈ ಹಾಕಿದರು. ತಡವಾಗಿ ಸೇರುತ್ತದೆ, ಒಪ್ಪೋಣ. ಸೇರಿದ ಮೇಲೆ ಬಿಡುವುದೂ ನಿಧಾನವೋ ಎಂದು ಕೇಳಿದರು. ಗೊತ್ತಿಲ್ಲ, ಅದನ್ನು ನೋಡಲಿಕ್ಕೇ ನನಗೆ ಸೀಟು ಬೇಕು ಎಂದುಬಿಟ್ಟೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ... ಸೀಟು ಸಿಕ್ಕಿತು.

ಬಂಟ್ವಾಳದ ಸ್ಟ್ಯಾಂಡಿನಲ್ಲಿ ನನ್ನನ್ನು ದೂರದ ಊರಿನ ಬಸ್ಸಿಗೆ ಹತ್ತಿಸಿದವರೂ ಸರ್. “ಉತ್ತರ ಸಿಕ್ಕಿದ್ರೆ ಬಂದು ಹೇಳು,” ಎಂದಿದ್ದರು. ಉತ್ತರ ಸಿಗಲು ವರ್ಷಗಳೇ ಹಿಡಿದವು. ಬಣ್ಣ ಹಿಡಿದ ಡಿಎನ್‌ಎಯನ್ನು ತೊಳೆದು ತೊಳೆದು ನೋಡಿದೆ. ನಮ್ಮ ಗಿಜಿಗಿಜಿಯೊಳಗೆ ಕೂತ ಬಣ್ಣ ನಿಜಕ್ಕೂ ಬೇಗ ಏಳಲಿಲ್ಲ. ಸರ್ ಹೇಳಿದ್ದೇ ಸರಿ. ಊರಿಗೆ ಹೋಗುವ ಬಸ್ಸಿಗೆ ಟಿಕೆಟ್ ಮಾಡಿಸಿದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಆಮೇಲೆ ಆ ಉತ್ತರವನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಮಾತ್ರ ಹೇಳಲಾಗಲಿಲ್ಲ.