ಎಲೆಗೆ ಗುರಿಯಿಟ್ಟ ಖಾದರ ಕಾಕಾ

ಖಾದರ ಕಾಕಾನ ಎಡಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಅತ್ತರಿನಲ್ಲಿ ಅದ್ದಿದ ಹತ್ತಿ. ಹತ್ತಿರ ಕುಳಿತರೆ ಮಲ್ಲಿಗೆಯ ಅತ್ತರು ಮತ್ತು ಬಂದೂಕಿನ ಸುಟ್ಟ ಮದ್ದು, ಎರಡರ ವಾಸನೆಯೂ ಒಟ್ಟಿಗೇ ಬರುತ್ತಿತ್ತು. ಊರಿನವರು ಅವರಿಗೆ ಆ ಕಿವಿ ಕೇಳಿಸುವುದಿಲ್ಲವೆಂದೇ ನಂಬಿದ್ದರು. ಕಾಕಾ ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ. ಬೇಡದ ಮಾತು ಆಡುವವರನ್ನು ಎಡಗಡೆ ಕೂಡಿಸಿಕೊಂಡು ನಗುತ್ತಾ ತಲೆಯಾಡಿಸುತ್ತಿದ್ದರು. ಮೊದಲ ಸಲ ನನ್ನನ್ನೂ ಎಡಗಡೆಯೇ ಕೂಡಿಸಿದ್ದರು.

ನಾನು ಪೊಲೀಸ್ ಕೆಲಸದವಳು. ಹುಟ್ಟಿದ್ದು ಚಿಕ್ಕೇರೂರಿನ ಒಕ್ಕಲು ಮನೆಯಲ್ಲಿ, ಕೆಲಸ ಸಿಕ್ಕಿದ್ದು ಸವಣೂರಿನ ಕಡೆ. ನಮ್ಮ ಮನೆತನದವರಿಗೆಲ್ಲ ಅವಸರ ಜಾಸ್ತಿ. ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಳ್ಳುವವರು ನಾವು. ಇಂಥವಳಿಗೂ, ಲೋಕದಲ್ಲಿ ಯಾವುದಕ್ಕೂ ಅವಸರವಿಲ್ಲದ ಆ ವೀಳ್ಯದೆಲೆ ತೋಟದ ಮುದುಕರಿಗೂ ಗಂಟು ಬಿದ್ದದ್ದು ಚುನಾವಣೆಯಿಂದ. ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸ್ ಇರುವವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ತಂದು ಜಮಾ ಮಾಡಬೇಕು, ಎಲ್ಲ ಮುಗಿದ ಮೇಲೆ ಒಯ್ಯಬೇಕು. ಅವನ್ನು ಇಸಿದುಕೊಳ್ಳುವ ಕೆಲಸ ನನ್ನದಾಗಿತ್ತು.

ಕಾಕಾ ಮೊದಲ ಸಲ ಬಂದದ್ದು ಮಗಳು ಹಸೀನಾಳ ಸ್ಕೂಟರಿನ ಹಿಂದೆ ಕುಳಿತು. ಕೌದಿಯಲ್ಲಿ ಸುತ್ತಿದ ಬಂದೂಕನ್ನು ಕೂಸಿನ ಹಾಗೆ ಎದೆಗೆ ಒರಗಿಸಿಕೊಂಡಿದ್ದರು. ಅವರ ತಂದೆಯ ಕಾಲದ್ದು. ಒಂಟಿ ನಳಿಗೆ, ಬಾಯಿಯಿಂದಲೇ ಮದ್ದು ತುಂಬುವ ಹಳೆಯ ಪದ್ಧತಿಯದು. ನಾನು ಕೈ ಚಾಚಿದೆ.

"ಬಾಯಿ ಮ್ಯಾಲ ಮಾಡಿ ಹಿಡೀರಿ ಮೇಡಮ್ಮಾರ. ಅದರ ಹೊಟ್ಟ್ಯಾಗ ಐತಿ," ಅಂದರು.

"ಏನೈತಿ?"

"ಮದ್ದು, ಗುಂಡು. ಎಲ್ಲಾ ಐತಿ."

ಒಳಗೆ ಕುಳಿತಿದ್ದ ನಮ್ಮ ಸಾಹೇಬರು ಕುರ್ಚಿ ಬಿಟ್ಟು ಎದ್ದರು. ತುಂಬಿದ ಬಂದೂಕು ಠಾಣೆಯೊಳಗೆ ಯಾಕೆ ತಂದಿರಿ, ಮೊದಲು ಹೊರಗೆ ತೆಗೆಯಿರಿ ಎಂದು ದಬಾಯಿಸಿದರು. ಕಾಕಾ ಗಾಬರಿಯಾಗಲಿಲ್ಲ. "ಇವತ್ತ ತರ್ರಿ ಅಂದ್ರಿ, ತಂದೇನಿ. ಕೇಪು ನನ್ನ ಕಿಸೆದಾಗ ಐತ್ರಿ, ಕೇಪು ಇಲ್ಲದ ಬಂದೂಕು ಬರೇ ಬಡಿಗಿ. ಆದ್ರ ಒಳಗಿಂದು ತಗಿಯೂದು ಸಲೀಸ ಅಲ್ರಿ ಸಾಹೇಬ್ರ. ಹೊಡದ್ರ ಒಂದ ಕ್ಷಣದ ಕೆಲಸ. ಇಲ್ಲಾಂದ್ರ ಇಡೀ ದಿನ ಕೆದರಬೇಕು," ಅಂದರು. ಕೊನೆಗೆ ಸಾಹೇಬರು, ಇವರ ತೋಟಕ್ಕೆ ಹೋಗಿ ನಿಮ್ಮ ಕಣ್ಣೆದುರಿಗೆ ಖಾಲಿ ಮಾಡಿಸಿಕೊಂಡು ಬನ್ನಿ ಎಂದು ನನ್ನನ್ನು ಅಟ್ಟಿದರು.

ತೋಟದ ಹಿಂದೆ, ಯಾವಾಗಲೋ ಮಣ್ಣು ಅಗೆದು ಬಿಟ್ಟ ಆಳವಾದ ತಗ್ಗೊಂದಿತ್ತು. ಅದರ ಆ ಬದಿಯ ಮಣ್ಣು ಗೋಡೆಯಂತೆ ನೇರವಾಗಿ ನಿಂತಿತ್ತು. ನನಗೆ ಬೇಗ ಹಿಂತಿರುಗಬೇಕಾಗಿತ್ತು. ಮೇಲಕ್ಕೆ ಒಂದು ಹೊಡೆದು ಮುಗಿಸಿಬಿಡಿ ಅಂದೆ. ಕಾಕಾ ನನ್ನನ್ನು ಎಡಗಡೆಯ ಕಲ್ಲಿನ ಮೇಲೆ ಕೂಡಿಸಿದರು. ಬಳ್ಳಿಯಿಂದ ಒಂದು ಎಲೆ ಚಿವುಟಿದರು, ಒರೆಸಿದರು, ನಡೆದುಕೊಂಡು ಹೋಗಿ ಜಾಲಿ ಮುಳ್ಳಿನಿಂದ ಅದನ್ನು ಮಣ್ಣಿನ ಗೋಡೆಗೆ ಚುಚ್ಚಿದರು, ಮತ್ತೆ ನಡೆದುಕೊಂಡು ಬಂದರು. ಆಮೇಲೆ ನನ್ನ ಮಾತಿಗೆ ಉತ್ತರ ಕೊಟ್ಟರು.

"ಮ್ಯಾಲ ಹೊಡದ ಗುಂಡು ಎಲ್ಲಿ ಇಳೀತೈತಿ ಅಂತ ನಿಮಗ ಗೊತ್ತೇನ್ರಿ? ನನಗಂತೂ ಗೊತ್ತಿಲ್ಲ."

ಬಂದೂಕು ಎತ್ತುವ ಮೊದಲು ಅವರು ಗಜ ತೆಗೆದರು. ಮದ್ದನ್ನು ಒಳಗೆ ದೂಡಿ ಗಟ್ಟಿ ಮಾಡುವ ಉದ್ದನೆಯ ಸರಳಿಗೆ ಗಜ ಎನ್ನುತ್ತಾರೆ. ಅದನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಬಿಟ್ಟು ನನಗೆ ತೋರಿಸಿದರು. ಖಾಲಿ ಇದ್ದರೆ ಗಜದ ತುದಿ ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುತ್ತದೆ. ಒಂದು ಸಲ ತುಂಬಿದ್ದರೆ ನಾಲ್ಕು ಬೆರಳು ಹೊರಗೆ ಉಳಿಯುತ್ತದೆ. "ಕಣ್ಣಿಗೆ ಕಾಣೂದಿಲ್ಲ, ಗಜಕ್ಕ ತಿಳೀತೈತಿ," ಅಂದರು. ಆಮೇಲೆ ಮದ್ದಿಗೆ ಕಿಡಿ ಹೊತ್ತಿಸುವ ಕೇಪನ್ನು ಕಿಸೆಯಿಂದ ತೆಗೆದು ಕೂಡಿಸಿ, ಬಂದೂಕಿನ ಕುದುರೆಯನ್ನು ಹಿಂದಕ್ಕೆಳೆದು, ಗುರಿ ಹಿಡಿದು ಎಷ್ಟು ಹೊತ್ತು ನಿಂತರೆಂದರೆ, ನಾನು ಇನ್ನೇನು ಬಾಯಿ ಬಿಡಬೇಕು, ಅಷ್ಟರಲ್ಲಿ ಸದ್ದಾಯಿತು. ತೋಟದ ತುಂಬ ಹೊಗೆ. ಹೊಗೆ ಸರಿದ ಮೇಲೆ ನೋಡಿದರೆ ಎಲೆಯ ನಡುವಿನ ನರದ ಪಕ್ಕದಲ್ಲಿ ದುಂಡಗೆ ತೂತು ಬಿದ್ದಿತ್ತು.

ಆ ತೂತಿನ ಎಲೆಗೇ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ನನ್ನ ಮುಂದೆ ಹಿಡಿದರು.

"ಡ್ಯೂಟಿ ಮ್ಯಾಲ ಅದೇನಿ ಕಾಕಾ," ಅಂದೆ. ಕಾಕಾ ಎಂಬ ಮಾತು ಅದೇ ಮೊದಲು ಬಾಯಿಗೆ ಬಂದದ್ದು.

"ಎಲಿ ತಿನ್ನಾಕ ಡ್ಯೂಟಿ ಏನ ಅಡ್ಡಿ? ತೂತು ಬಿದ್ದ ಎಲಿ ಎಲ್ಲಾರಿಗೂ ಸಿಗೂದಿಲ್ಲ, ತಿನ್ರಿ."

ಕೆಂಪು ಬಾಯಿಯಲ್ಲಿ ಠಾಣೆಗೆ ಬಂದೆ. ಸಾಹೇಬರು ಬಂದೂಕನ್ನೊಮ್ಮೆ, ನನ್ನ ಬಾಯನ್ನೊಮ್ಮೆ ನೋಡಿ ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು.

ಅಲ್ಲಿಂದ ಪ್ರತಿ ಚುನಾವಣೆಗೂ ನಾನೇ ತೋಟಕ್ಕೆ ಹೋಗತೊಡಗಿದೆ. ಗ್ರಾಮ ಪಂಚಾಯ್ತಿಯದಾದರೂ ಸರಿ, ದಿಲ್ಲಿಯದಾದರೂ ಸರಿ. ಬಂದೂಕು ತುಂಬಿಯೇ ಇರುತ್ತಿತ್ತು, ಖಾಲಿ ಮಾಡಲೇಬೇಕಾಗಿತ್ತು. ಗುಂಡು ಎಲೆಗೆ ತಗುಲಿದರೆ ನನಗೆ ಎಲೆ ಅಡಿಕೆ. ತಗುಲದಿದ್ದರೆ ಕಾಕಾ ಆ ಎಲೆಯನ್ನು ಬಿಚ್ಚಿ ತಂದು ತೋಟದಲ್ಲಿ ಕಟ್ಟಿದ್ದ ಆಡಿಗೆ ಹಾಕಿಬಿಡುತ್ತಿದ್ದರು. ಬೇರೆ ಎಲೆ ಕೇಳಿದರೂ ಕೊಡುತ್ತಿರಲಿಲ್ಲ. ತೋಟದ ತುಂಬ ಎಲೆ ತೂಗಾಡುತ್ತಿದ್ದರೂ ಆ ದಿನ ನನ್ನ ಬಾಯಿ ಬರಿದೇ. "ತಪ್ಪಿದ ಎಲಿ ತಿಂದ್ರ ಕೈ ತಪ್ಪೂದನ್ನ ಕಲೀತೈತಿ," ಎನ್ನುವುದು ಅವರ ಸಿದ್ಧಾಂತ. ನಿಜ ಹೇಳಬೇಕೆಂದರೆ ಆಡಿಗೆ ಸಿಕ್ಕ ಎಲೆಗಳೇನೂ ಕಡಿಮೆಯಲ್ಲ.

ಬಂದೂಕು ಇದ್ದದ್ದು ಮಂಗಗಳಿಗಾಗಿ. ಎಲೆಬಳ್ಳಿ ಹಬ್ಬಿದ ನುಗ್ಗೆಮರಗಳಿಗೆ ಅವು ಹಿಂಡುಗಟ್ಟಿ ಬಂದು ಬಳ್ಳಿಯನ್ನೆಲ್ಲ ಹರಿದು ಹಾಕುತ್ತಿದ್ದವು. ಕಾಕಾ ಅವುಗಳ ಮೇಲೆ ಒಂದು ದಿನವೂ ಗುರಿ ಹಿಡಿದವರಲ್ಲ. ಅವಕ್ಕೆ ಸದ್ದು ಸಾಕು ಎನ್ನುತ್ತಿದ್ದರು. ಹಸೀನಾ ಮಾತ್ರ ಎಲೆ ಕೊಯ್ಯುತ್ತಲೇ ನನಗೆ ಬೇರೆ ವರದಿ ಕೊಡುತ್ತಿದ್ದಳು. "ಮಂಗ್ಯಾಗಳಿಗೂ ಅಬ್ಬಾನ ಚಾಳಿ ಗೊತ್ತಾಗೈತ್ರೀ ಅಕ್ಕಾರ. ಇವರು ಮದ್ದು ಹಾಕಿ, ನಾರು ಹಾಕಿ, ಗುಂಡು ಹಾಕಿ ತುಂಬೂದ್ರಾಗ ಅವು ಊಟಾ ಮುಗಿಸಿ ಕೈ ತೊಳಕೊಂಡು ಹೋಗಿರತಾವು. ಇವರು ತುಂಬಿದ ಬಂದೂಕು ಗುಡಿಸಲದಾಗ ಒರಗಿಸಿ ಬಂದು ಚಾ ಕೇಳತಾರ." ಅವಳಿಗೆ ಆ ಬಂದೂಕು ಎಂದೂ ಬೇಕಿರಲಿಲ್ಲ. ಈಗ ಎಲ್ಲರೂ ಬಳಸುವ, ಕಾರ್ಬೈಡ್ ಹಾಕಿ ಸಿಡಿಸುವ ಪ್ಲಾಸ್ಟಿಕ್ ಪೈಪಿನ ಸದ್ದೇ ಸಾಕೆಂದು ಅವಳ ವಾದ. ತೋಟದ ಕೆಲಸವೆಲ್ಲ ಅವಳದೇ ಆದ್ದರಿಂದ ಆ ವಾದಕ್ಕೆ ತೂಕವೂ ಇತ್ತು.

ಕಾಕಾನ ಸಾವಧಾನ ಬಂದೂಕಿಗಷ್ಟೇ ಸೀಮಿತವಾಗಿರಲಿಲ್ಲ. ಒಮ್ಮೆ ಅವರ ಮುಂದೆಯೇ ಫೋನಿನಲ್ಲಿ ನನ್ನ ಮೈದುನನಿಗೆ ಬಾಯಿಗೆ ಬಂದಂತೆ ಬೈದೆ. ಫೋನ್ ಇಟ್ಟ ಮೇಲೂ ಬೈಗುಳ ನಿಲ್ಲಲಿಲ್ಲ. ಕಾಕಾ ಎಲ್ಲ ಕೇಳಿಸಿಕೊಂಡರು. ಆ ದಿನ ನಾನು ಅವರ ಬಲಗಡೆ ಕುಳಿತಿದ್ದೆ.

"ನನ್ನಂತಾ ಬಂದೂಕು ಇಟ್ಕೋ ಮಗಳ," ಅಂದರು. "ಒಂದ ಗುಂಡು. ಹೊಡದ ಮ್ಯಾಲ ಮತ್ತ ತುಂಬಾಕ ಹೊತ್ತು ಬೇಕು. ಆ ಹೊತ್ತಿನ್ಯಾಗ ಸಿಟ್ಟು ಅರ್ಧಾ ಇಳದಿರತೈತಿ."

ಮೇಡಮ್ಮಾರಿನಿಂದ ಮಗಳಾದದ್ದು ಎಂದಿನಿಂದಲೋ ನೆನಪಿಲ್ಲ. ನನಗೆ ಅದು ಬಹಳ ಇಷ್ಟವಾಗಿತ್ತು.

ಇಷ್ಟು ಮೆತ್ತಗಿನ ಮನುಷ್ಯ ಗಟ್ಟಿಯಾದದ್ದನ್ನು ನಾನು ನೋಡಿದ್ದು ಒಮ್ಮೆ. ಮಾಸೂರಿನ ಕಡೆಯ ಗೌಡರೊಬ್ಬರು, ಕಾಕಾನ ಹಳೆಯ ಪರಿಚಯದವರು, ತಾವೂ ಎಲೆಗೆ ಹೊಡೆಯುತ್ತೇನೆಂದು ತಮ್ಮ ಬಂದೂಕು ಹಿಡಿದು ಬಂದಿದ್ದರು. ಬಂದವರೇ ಕೇಪು ಕೂಡಿಸಿ ಹೆಗಲಿಗೆ ಏರಿಸಿದರು. ಕಾಕಾ ಅವರ ನಳಿಗೆಯನ್ನು ಮೆಲ್ಲಗೆ ನೆಲಕ್ಕೆ ಬಾಗಿಸಿದರು.

"ಗಜಾ ಬಿಟ್ಟು ನೋಡಿದ್ರೇನ್ರಿ?"

"ನಾನ ತುಂಬೇನಿ, ನನಗ ಗೊತ್ತಿಲ್ಲೇನೋ ಖಾದರ?"

"ಹಂಗಾದ್ರ ಇವತ್ತ ಬರೇ ನೋಡ್ರಿ ಗೌಡ್ರ. ಗಜಾ ಮರತ ಕೈಯಾಗ ಬಂದೂಕು ಇರಬಾರದು. ನಿಮ್ಮ ಕೈ ಆಗಲಿ, ನನ್ನ ಕೈ ಆಗಲಿ."

ಗೌಡರು ಚಹಾ ಕುಡಿಯದೆ ಎದ್ದು ಹೋದರು. ಮುಂದಿನ ಸಲ ಬಂದಾಗ ಮಾತ್ರ ಯಾರೂ ಹೇಳುವ ಮೊದಲೇ ಗಜ ಇಳಿಬಿಟ್ಟರು.

ಇತ್ತೀಚಿನ ವರ್ಷಗಳಲ್ಲಿ ಕಾಕಾನ ಕಣ್ಣಿಗೆ ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಆದರೂ ಅಷ್ಟಕ್ಕಷ್ಟೇ. ಬಂದೂಕು ಒಪ್ಪಿಸಿ ಹೋಗುವಾಗೆಲ್ಲ ಠಾಣೆಯ ಮೆಟ್ಟಿಲ ಮೇಲೆ ನಿಂತು, "ವಾಪಸ್ ಕೊಡ್ತೀರಿ ಹೌದಿಲ್ಲ?" ಎಂದು ಕೇಳುತ್ತಿದ್ದರು. ಜಂಗು ಹಿಡಿಯದ ಹಾಗೆ ಎಣ್ಣೆ ಒರೆಸುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆಯೇ ಸ್ಕೂಟರ್ ಹತ್ತುತ್ತಿದ್ದರು. ಒಂದಲ್ಲ ಒಂದು ಚುನಾವಣೆಗೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂಬ ಭಯ ಅವರನ್ನು ಕಾಡುತ್ತಿತ್ತು. "ನಮ್ಮಪ್ಪ ನನ್ನ ಕೈಯಾಗ ಕೊಟ್ಟಿದ್ದು. ನಾ ಇರೂತನಾ ನನ್ನ ಕೈಯಾಗ ಇರ್ಲಿ," ಎನ್ನುತ್ತಿದ್ದರು. ಹಸೀನಾ ಆಗ ಮುಖ ಆಚೆ ತಿರುಗಿಸುತ್ತಿದ್ದಳು.

ಕಳೆದ ಚುನಾವಣೆಗೆ ನಾನು ಹೋದಾಗ ಬಿಸಿಲು ಏರಿತ್ತು. ಎಲೆಯನ್ನು ಆಗಲೇ ಚುಚ್ಚಿಟ್ಟಿದ್ದರು. "ಎಲಿ ನೆಟ್ಟಗ ಕುಂತೈತೇನು ನೋಡು ಮಗಳ," ಅಂದರು. ಕುಂತಿತ್ತು. ಅವರಿಗೆ ಕಾಣುತ್ತಿಲ್ಲವೆಂದು ನನಗೆ ತಿಳಿಯಿತು. ಹಸೀನಾ ಎಂದಿನಂತೆ ಅವರ ಪಕ್ಕದಲ್ಲೇ ಕೇಪಿನ ಡಬ್ಬಿ ಹಿಡಿದು ನಿಂತಿದ್ದಳು. ಕಾಕಾ ಕೇಪು ಕೂಡಿಸಿ ಬಂದೂಕನ್ನು ಹೆಗಲಿಗೆ ಏರಿಸಿದರು.

"ಕಾಕಾ, ಗಜಾ," ಅಂದೆ.

"ಮುಂಜಾನೆನ ತುಂಬೇನಿ. ಮಂಗ್ಯಾ ಬಂದಿದ್ದವು."

"ಇರ್ಲಿ ತಗೋರಿ. ನಿಮ್ಮ ಸಾಲ್ಯಾಗ ಕಲತದ್ದನ್ನ ನಿಮಗ ಹೇಳಾಕತ್ತೇನಿ."

ನಗುತ್ತಾ ಬಂದೂಕು ಇಳಿಸಿ, ಕೇಪು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಗಜ ಇಳಿಬಿಟ್ಟೆ. ನಾಲ್ಕು ಬೆರಳಲ್ಲ, ಎಂಟು ಬೆರಳು ಹೊರಗೆ ನಿಂತಿತು. ಕಲ್ಲೇನಾದರೂ ಸಿಕ್ಕಿದೆಯೇ ಎಂದು ಅಲ್ಲಾಡಿಸಿ ನೋಡಿದೆ. ಹಾಗೇ ನಿಂತಿತ್ತು.

ಕಾಕಾ ಕೈ ಚಾಚಿ ಗಜವನ್ನು ಮುಟ್ಟಿದರು. ಬಾಯಿಯಿಂದ ತುದಿಯವರೆಗೆ ಬೆರಳಿನಿಂದ ಅಳೆದರು. ಮತ್ತೊಮ್ಮೆ ಅಳೆದರು.

"ಹ್ವಾದ ವಾರ ತುಂಬಿ ಒರಗಿಸಿದ್ದು ಹೊಡದೇ ಇಲ್ಲ," ಅಂದರು. "ಅದರ ಮ್ಯಾಲ ಮುಂಜಾನೆ ಮತ್ತ ತುಂಬೇನಿ. ಎರಡು ಊಟಾ ಹಾಕೇನಿ ಇದಕ್ಕ."

ಹೊಡೆದಿದ್ದರೆ ಆ ಹಳೆಯ ನಳಿಗೆ ಸಿಡಿದು ಚೂರಾಗುತ್ತಿತ್ತು. ಕಾಕಾ ಹಸೀನಾ ನಿಂತಿದ್ದ ಜಾಗವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚುತ್ತಿದ್ದಳು, ಅದು ಮುಚ್ಚಿಯೇ ಇತ್ತು.

"ಅಬ್ಬಾ, ಕುಂತ್ಕೋರಿ," ಅಂದಳು.

"ತಂಬಿಗಿ ತುಂಬ ನೀರು ತಾ," ಅಂದರು.

ನೀರನ್ನು ತಾವೇ ನಳಿಗೆಯ ಬಾಯಿಗೆ ಸುರಿದರು. ತಂದೆ ಕೊಟ್ಟ ಬಂದೂಕಿಗೆ ನೀರು ಕುಡಿಸುವುದನ್ನು ನನ್ನಿಂದ ನೋಡಲಾಗಲಿಲ್ಲ. ಮದ್ದು ನೆನೆದು ಸತ್ತ ಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ ಕೆದರಲು ಕುಳಿತೆವು. ನಾರು, ಕಪ್ಪು ರಾಡಿ, ಗುಂಡು. ಮತ್ತೆ ನಾರು, ಮತ್ತೆ ರಾಡಿ, ಇನ್ನೊಂದು ಗುಂಡು. ಮಧ್ಯಾಹ್ನವಾಯಿತು. ಕೊನೆಗೆ ಗಜ ಬಾಯಿಗೆ ಸರಿಯಾಗಿ ನಿಂತಿತು. ಕಾಕಾ ಅದನ್ನೂ ಬೆರಳಿಟ್ಟು ನೋಡಿದರು. ಬಂದೂಕನ್ನು ಒರೆಸಿ, ಎಣ್ಣೆ ಹಚ್ಚಿ, ಕೌದಿಯಲ್ಲಿ ಸುತ್ತಿ ನನ್ನ ಮಡಿಲಿಗೆ ಇಟ್ಟರು.

"ಈ ಸಲ ಜಮಾ ಅಲ್ಲ ಮಗಳ. ವಾಪಸ್ ಬ್ಯಾಡ. ಏನ ಬರಸ್ತೀಯೋ ಬರಸು, ಸಹಿ ಹಾಕತೇನಿ."

"ಅವಸರ ಬ್ಯಾಡ ಕಾಕಾ. ನಾಕ ದಿನ ಯೋಚನೆ ಮಾಡ್ರಿ." ಆ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು.

"ಗೌಡ್ರಿಗೆ ಹೇಳಿದ್ದು ನನಗೂ ಹೇಳಿಕೊಂಡಿದ್ದೆ. ನೀ ಕೇಳಿಸಿಕೊಂಡಿದ್ದಿ."

ಆ ಮಳೆಗಾಲದಲ್ಲಿ ನನಗೆ ಹಾನಗಲ್ಲಿಗೆ ವರ್ಗವಾಯಿತು. ಚಳಿಗಾಲದಲ್ಲಿ ಹಸೀನಾ ಫೋನು ಮಾಡಿ, ಅಬ್ಬಾ ಬೆಳಗಿನ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲ ಎಂದು ಹೇಳಿದಳು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ತೋಟದಲ್ಲಿ ಎಲ್ಲೋ ದೂರ ಪೈಪಿನ ಸದ್ದು ಕೇಳಿಸುತ್ತಿತ್ತು. ಅವರ ಹಾಸಿಗೆಯ ಪಕ್ಕ ಅತ್ತರಿನ ಪುಟ್ಟ ಶೀಶೆ ಇತ್ತು. ನಾನು ಅಲ್ಲೇ ಕುಳಿತು ಅತ್ತೆ. ಅವರನ್ನು ನಾನು ಕೊನೆಯ ಸಲ ನೋಡಿದ್ದು ಬಂದೂಕು ಕೆದರಿದ ಆ ಮಧ್ಯಾಹ್ನವೇ.

ಅಂದು ಕಾಗದಕ್ಕೆ ಅವರ ಸಹಿ ತೆಗೆದುಕೊಂಡು ನಾನು ಬಂದೂಕು ಎತ್ತಿಕೊಂಡು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಕಾಕಾ "ತಡಿ" ಅಂದರು. ತಗ್ಗಿಗೆ ಇಳಿದು ಆ ಮಣ್ಣಿನ ಗೋಡೆಯನ್ನು ಅಂಗೈಯಿಂದ ಸವರುತ್ತಾ ಎಲೆ ಎಲ್ಲಿದೆಯೆಂದು ಹುಡುಕಿದರು. ಸಿಕ್ಕಿತು. ಬಿಸಿಲಿಗೆ ಸ್ವಲ್ಪ ಬಾಡಿತ್ತು. ಆಡು ಹಗ್ಗ ಜಗ್ಗಿಕೊಂಡು ಬಂದು ಕತ್ತು ಚಾಚಿತು. ಕಾಕಾ ಅದನ್ನು ಬದಿಗೆ ಸರಿಸಿ ಬಂದು, ಎಲೆಯನ್ನು ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿದರು. ನಾನು ಕೈ ಚಾಚಲಿಲ್ಲ. ಅವರ ಸಿದ್ಧಾಂತ ನನಗೂ ಗೊತ್ತಿತ್ತಲ್ಲ.

"ತಪ್ಪಿದ್ದಲ್ಲ ಮಗಳ ಇದು, ಬಿಟ್ಟಿದ್ದು," ಅಂದರು. "ತಿನ್ನಾಕ ಅಡ್ಡಿ ಇಲ್ಲ."