ರಬ್ಬರಿನ ಮಡಿಕೆಯಲ್ಲಿ ಸಿಕ್ಕ ಪಿನ್ನು

ಚೆಂಬೂರಿನ ಆ ಮನೆಯ ಅಮ್ಮ ಬಾಗಿಲು ತೆರೆದು ನನ್ನ ಬೆನ್ನ ಹಿಂದೆ ಇಣುಕಿದರು. "ಮೆಕ್ಯಾನಿಕ್ ಕಿಧರ್ ಹೈ?"

"ಮೈ ಹೀ ಹೂಂ," ನಾನೇ ಮೆಕ್ಯಾನಿಕ್ ಎಂದು ಹಿಂದಿಯಲ್ಲೇ ಹೇಳಿದೆ.

ಅವರ ವಾಷಿಂಗ್ ಮಷೀನು ಸೋರುತ್ತಿತ್ತು. ಹಿಂದೆ ಬಂದವನು ಡ್ರಮ್ಮೇ ಹೋಗಿದೆ, ಹೊಸ ಮಷೀನು ಕೊಳ್ಳಿ ಎಂದಿದ್ದನಂತೆ. ನಾನು ಕೆಳಗೆ ಒಣ ಪೇಪರ್ ಹಾಸಿ ಮಷೀನು ಓಡಿಸಿದೆ. ಬಾಗಿಲಿನ ಕೆಳಗಿನ ಪೇಪರಷ್ಟೇ ಒದ್ದೆಯಾಯಿತು. ನೀರು ಖಾಲಿ ಮಾಡಿ, ಬಾಗಿಲ ಸುತ್ತಲಿನ ರಬ್ಬರಿನ ಮಡಿಕೆಯಲ್ಲಿ ಬೆರಳಾಡಿಸಿದೆ. ಸೀರೆಯ ಪಿನ್ನೊಂದು ಚುಚ್ಚಿ ತೂತು ಮಾಡಿತ್ತು.

"ಸಿಕ್ತು ನೋಡವಾ!" ಎಂದು ಬಾಯಿತಪ್ಪಿ ಕೂಗಿದೆ.

"ಅಯ್ಯೋ, ನೀನು ಕನ್ನಡದವಳಾ ಮಾರಾಯ್ತಿ?"

ಹೊಸ ರಬ್ಬರ್ ಹಾಕಿದ ಮೇಲೆ ಒಂದು ಹನಿಯೂ ಬೀಳಲಿಲ್ಲ. ಅಮ್ಮ ಪಕ್ಕದ ಮನೆಯವರನ್ನು ಕರೆದು, "ನಮ್ಮ ಊರಿನ ಹುಡುಗಿ ಸರಿ ಮಾಡಿದ್ದು" ಎಂದು ಸಾರಿದರು. ನನ್ನ ಎದೆ ಉಬ್ಬಿತು. ಅವರದು ಉಡುಪಿ, ನನ್ನದು ಬಿಜಾಪುರ; ನಾನೇನೂ ತಿದ್ದಲು ಹೋಗಲಿಲ್ಲ.