ಮುಗಿಲು ನೋಡ್ಕೊಂಡು ದಾಟ್ರಿ!

“ನಿಲ್ರಿ! ಮ್ಯಾಲೆ ಎರಡೂ ಕಡೆ ನೋಡ್ಕೊಂಡು ದಾಟ್ರಿ!”

ಹರಿಹರದ ಹೊರಗೆ, ಗಿರಣಿ ಮಾಲೀಕರೊಬ್ಬರು ಎಂದೋ ಮಾಡಿಸಿ ಕೈಬಿಟ್ಟ ವಿಮಾನದ ರನ್‌ವೇ ದಾರಿಗೆ ಅಡ್ಡ ಬರುವಲ್ಲಿ ಕಾವಲುಗಾರ ರಸೂಲಜ್ಜ ಕೆಂಪು ಬಾವುಟ ಹಿಡಿದು ನನ್ನ ಸೈಕಲ್ ತಡೆದ. ರನ್‌ವೇ ತುಂಬ ಮೆಣಸಿನಕಾಯಿ ಒಣಗುತ್ತಿತ್ತು. ನಡುವೆ ಎರಡು ಎಮ್ಮೆ ಮಲಗಿದ್ದವು. ಗಾಳಿಯ ದಿಕ್ಕು ತೋರುವ ಕಂಬದಲ್ಲಿ ಅಜ್ಜನದೇ ಹಳೇ ಪೈಜಾಮದ ಕಾಲು ಹಾರಾಡುತ್ತಿತ್ತು.

ನಾನೋ ದಾವಣಗೆರೆಯಿಂದ ಹರಿಹರಕ್ಕೆ, ಚರ್ಚಾಸ್ಪರ್ಧೆಯ ಅಂತಿಮ ಸುತ್ತಿಗೆ ಹೊರಟವನು. ಸುಮ್ಮನೆ ಮೇಲೆ ನೋಡಿದರೆ ಸೋತಂತಲ್ಲವೇ?

“ಹತ್ತು ವರ್ಷದಾಗ ಇಲ್ಲಿ ಒಂದಾದ್ರೂ ವಿಮಾನ ಇಳಿದೈತೇನಜ್ಜಾ?” ಎಂದೆ.

“ಇಲ್ಲ. ವಿಮಾನಕ್ಕೆ ಸಿಕ್ಕು ಒಬ್ರಾದ್ರೂ ಸತ್ತಾರೇನು? ಅದೂ ಇಲ್ಲ. ಯಾಕ? ನಾ ನಿಲ್ಲಿಸ್ತೀನಿ, ಅದಕ್ಕೆ!”

ಕಾರಣ, ಪುರಾವೆ, ತರ್ಕದೋಷ ಎಂದು ಮುಕ್ಕಾಲು ಗಂಟೆ ವಾದಿಸಿದೆ. ಅಜ್ಜ ಪೂರ್ತಿ ಕೇಳಿ, “ಭಾಳ ಚೆಂದ ಮಾತಾಡ್ತೀರಿ. ಈಗ ಮ್ಯಾಲೆ ನೋಡ್ರಿ” ಎಂದ. ನೋಡಿದೆ. ಬಾವುಟ ಇಳಿಯಿತು.

ನಾನು ತಲುಪುವಷ್ಟರಲ್ಲಿ ಸ್ಪರ್ಧೆ ಮುಗಿದು, ‘ಮೂಢನಂಬಿಕೆ ಸಮಯದ ಶತ್ರು’ ಎಂದು ವಾದಿಸಿದವನ ಕೈಗೆ ಕಪ್ ಸೇರಿತ್ತು.

ಮರಳುವಾಗ ಅಜ್ಜ ಊಟಕ್ಕೆ ಹೋಗಿದ್ದ. ತಡೆಯುವವರು ಯಾರೂ ಇರಲಿಲ್ಲ. ಆದರೂ ಸೈಕಲ್ ಇಳಿದು, ಎಮ್ಮೆಗಳು ನೋಡುತ್ತಿರುವಂತೆಯೇ, ಮುಗಿಲಿನ ಎರಡೂ ಕಡೆ ನೋಡಿ ದಾಟಿದೆ.